ನಮ್ಮ ಗುಂಡ ಯಾಕೆ ಹೀಗೆ ಮಾಡುತ್ತಾನೆ? ಬೆಕ್ಕು ಸಾಕಿದವರು ಸ್ವಲ್ಪ ಹೇಳಿ

ಗುಂಡನಮನೆ
ಶನಿವಾರ, ಸಂಜೆ 7:20

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು. ಮೂರು ವರ್ಷದ ಹಿಂದೆ ಒಂದು ಜೋರು ಮಳೆಯ ಸಂಜೆ, ಗೇಟಿನ ಪಕ್ಕ ನಿಲ್ಲಿಸಿದ್ದ ಸ್ಕೂಟರಿನ ಕೆಳಗೆ ಒಂದು ಕೆಂಚು ಬಣ್ಣದ ಮರಿ ಪೂರ್ತಿ ನೆನೆದು ಕೂಗುತ್ತಾ ಕೂತಿತ್ತು. ಒಂದು ರಾತ್ರಿ ಇರಲಿ ಅಂತ ಒಳಗೆ ತಂದೆವು. ಈಗ ಅವನು ಐದು ಕಿಲೋ ತೂಗುತ್ತಾನೆ. ಹೆಸರು ಗುಂಡ. ಮೊದಲು ಬೇಡವೇ ಬೇಡ ಅಂದಿದ್ದ ನಮ್ಮ ಅತ್ತೆ ಈಗ ಗುಂಡನ ಊಟ ಆಯಿತಾ ಅಂತ ಕೇಳದೆ ತಟ್ಟೆ ಮುಂದೆ ಕೂರುವುದಿಲ್ಲ.

ಅವನು ಮಾಡುವ ಕೆಲವು ಕೆಲಸಗಳು ನಮಗೆ ಅರ್ಥವೇ ಆಗುವುದಿಲ್ಲ. ನೋಡಿ ನಗುತ್ತೇವೆ, ಆಮೇಲೆ ಯಾಕಿರಬಹುದು ಅಂತ ಮನೆಮಂದಿಯೆಲ್ಲ ಯೋಚನೆ ಮಾಡುತ್ತೇವೆ. ಗೊತ್ತಿರುವವರು ಹೇಳಿ.

ಬೆಳಗಿನ ಜಾವ ನಾಲ್ಕೂವರೆಗೆ ಸರಿಯಾಗಿ ನನ್ನ ಎದೆ ಮೇಲೆ ಬಂದು ಕೂತು, ಉಗುರು ಒಳಗೆ ಎಳೆದುಕೊಂಡು, ಬರೀ ಮೆತ್ತನೆ ಪಾದದಿಂದ ನನ್ನ ಕಣ್ಣುರೆಪ್ಪೆ ಮುಟ್ಟುತ್ತಾನೆ. ಏಳದಿದ್ದರೆ ಮೇಜಿನ ಮೇಲಿರುವ ಕನ್ನಡಕದ ಡಬ್ಬಿಯನ್ನು ಅಂಚಿನವರೆಗೂ ತಳ್ಳುತ್ತಾನೆ, ನಿಲ್ಲುತ್ತಾನೆ, ನನ್ನ ಮುಖ ನೋಡುತ್ತಾನೆ, ಆಮೇಲೆ ಬೀಳಿಸುತ್ತಾನೆ.

ಅತ್ತೆಯ ಹಳೇ ಕಾಟನ್ ಸೀರೆ ಒಂದಿದೆ. ಅದನ್ನು ಕಂಡರೆ ಸಾಕು, ಎರಡೂ ಮುಂಗಾಲಿನಿಂದ ಚಪಾತಿ ಹಿಟ್ಟು ನಾದುವ ಹಾಗೆ ನಾದುತ್ತಾನೆ. ಕಣ್ಣು ಅರ್ಧ ಮುಚ್ಚಿರುತ್ತದೆ, ಗುರ್ ಗುರ್ ಅನ್ನುತ್ತಿರುತ್ತಾನೆ, ಸೀರೆಯ ತುದಿ ಬಾಯಲ್ಲಿ. ಬೇರೆ ಯಾವ ಬಟ್ಟೆಗೂ ಹೀಗೆ ಮಾಡುವುದಿಲ್ಲ.

ಊಟದ ತಟ್ಟೆ ಪಕ್ಕ ಸ್ಟೀಲ್ ಬಟ್ಟಲಲ್ಲಿ ನೀರಿಟ್ಟರೆ ಮೂಸಿಯೂ ನೋಡುವುದಿಲ್ಲ. ಬಚ್ಚಲಿನ ಬಕೆಟ್ಟೇ ಬೇಕು, ಇಲ್ಲ ನಲ್ಲಿಯಿಂದ ತೊಟ್ಟಿಕ್ಕುವ ನೀರು ಬೇಕು.

ಮಗಳು ಅಂಗಳದಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆ ಮನೆ ಬರೆದರೆ ಇವನು ಹೋಗಿ ಸರಿಯಾಗಿ ಒಂದು ಚೌಕದ ಒಳಗೆ ಕೂರುತ್ತಾನೆ, ಗೆರೆಯಿಂದ ಬಾಲವೂ ಆಚೆ ಇರುವುದಿಲ್ಲ. ಅವಳು ಆಟ ನಿಲ್ಲಿಸಿ ಇವನು ಏಳಲಿ ಅಂತ ಕಾಯುತ್ತಾಳೆ.

ರಾತ್ರಿ ಹನ್ನೊಂದರ ಮೇಲೆ ಖಾಲಿ ಗೋಡೆಯನ್ನು ರೆಪ್ಪೆ ಬಡಿಯದೆ ನೋಡುತ್ತಾ ಕೂರುತ್ತಾನೆ. ಅತ್ತೆಗೆ ಭಯ. ಅವನಿಗೆ ಏನೋ ಕಾಣುತ್ತಿದೆ ಅಂತ ದೇವರ ಮನೆಯಲ್ಲಿ ದೀಪ ಹಚ್ಚುತ್ತಾರೆ.

ಹೋದ ವಾರ ನನ್ನ ಯಜಮಾನರ ದಿಂಬಿನ ಮೇಲೆ ಹಲ್ಲಿ ತಂದಿಟ್ಟಿದ್ದ. ಬಾಲ ಇರಲಿಲ್ಲ, ಜೀವ ಇತ್ತು.

ನಿನ್ನೆಯಿಂದ ಇನ್ನೊಂದು ಹೊಸ ಆಟ ಶುರುವಾಗಿದೆ. ಅವನು ಒಂದು, ಎರಡಕ್ಕೆ ಹೋಗಲು ಇಟ್ಟಿರುವ ಮರಳಿನ ಟ್ರೇಗೆ ಹೋಗಿ ಕೆರೆದು ಕೂರುತ್ತಾನೆ, ಏನೂ ಮಾಡದೆ ಎದ್ದು ಬರುತ್ತಾನೆ, ಹತ್ತು ನಿಮಿಷಕ್ಕೆ ಮತ್ತೆ ಹೋಗುತ್ತಾನೆ. ಬಚ್ಚಲಿನ ಮೂಲೆಯಲ್ಲೂ ಹಾಗೇ ಕೂತಿದ್ದ. ಮಧ್ಯೆ ಮಧ್ಯೆ ಬೇರೆ ಥರದ ಒಂದು ಉದ್ದ ಕೂಗು. ಈ ಸಲ ಬೇರೆ ಕಂಪನಿಯ ಮರಳು ತಂದಿದ್ದೇವೆ, ಅದು ಹಿಡಿಸಿಲ್ಲವೇನೋ.

ನಿಮ್ಮ ಮನೆಯಲ್ಲೂ ಹೀಗೇನಾ?

ಹಂಡೆಒಲೆ
ಶನಿವಾರ, ಸಂಜೆ 7:48

ಅಕ್ಕ, ಓದಿ ತುಂಬಾ ಖುಷಿಯಾಯಿತು. ನಮ್ಮದು ತೀರ್ಥಹಳ್ಳಿ ಕಡೆ, ತೋಟದ ಮನೆ. ಬೆಕ್ಕಿಲ್ಲದ ದಿನವೇ ನನಗೆ ನೆನಪಿಲ್ಲ.

ಸೀರೆ ನಾದುವುದಕ್ಕೆ ಕಾರಣ ಇದೆ. ಮರಿ ಹಾಲು ಕುಡಿಯುವಾಗ ತಾಯಿಯ ಮೊಲೆಯ ಸುತ್ತ ಮುಂಗಾಲಿನಿಂದ ಹೀಗೇ ಒತ್ತುತ್ತದೆ. ಒತ್ತಿದರೆ ಹಾಲು ಇಳಿಯುತ್ತದೆ. ಕರು ಕೆಚ್ಚಲಿಗೆ ಗುದ್ದುತ್ತದಲ್ಲ, ಹಾಗೇ ಇದು. ದೊಡ್ಡದಾದ ಮೇಲೂ ಮೆತ್ತಗೆ ಬೆಚ್ಚಗೆ ಇರುವ ಜಾಗ ಸಿಕ್ಕಿ ಮನಸ್ಸು ನಿರಾಳವಾದಾಗ ಆ ಅಭ್ಯಾಸ ಬರುತ್ತದೆ. ನಿಮ್ಮ ಗುಂಡ ಪುಟ್ಟ ಮರಿ ಇದ್ದಾಗಲೇ ತಾಯಿಯನ್ನು ಬಿಟ್ಟು ಬಂದವನು, ಬಟ್ಟೆ ಚೀಪುವುದು ಅಂಥ ಮರಿಗಳಲ್ಲಿ ಜಾಸ್ತಿ ನೋಡಿದ್ದೇನೆ. ಇನ್ನೊಂದು, ಬೆಕ್ಕಿನ ಪಾದದಲ್ಲಿ ವಾಸನೆಯ ಗ್ರಂಥಿಗಳಿವೆ. ನಾದಿದಾಗ ಅದರ ವಾಸನೆ ಬಟ್ಟೆಗೆ ಹತ್ತುತ್ತದೆ. ಅತ್ತೆಯವರ ವಾಸನೆ, ಅವನ ವಾಸನೆ ಎರಡೂ ಸೇರಿದ ಸೀರೆ ಅದು. ದಯವಿಟ್ಟು ಅದನ್ನು ಜಾಸ್ತಿ ಸೋಪು ಹಾಕಿ ಒಗೆಯಬೇಡಿ. ದಾರ ಕಿತ್ತು ನುಂಗದ ಹಾಗೆ ಮಾತ್ರ ನೋಡಿಕೊಳ್ಳಿ. ದಾರ ಕರುಳಿಗೆ ಸಿಕ್ಕಿಕೊಂಡರೆ ಕಷ್ಟ.

ನಮ್ಮ ಬೆಕ್ಕು ಚಳಿಗಾಲದಲ್ಲಿ ಬಚ್ಚಲ ಒಲೆಯ ಬೂದಿಯೊಳಗೆ ಮಲಗುತ್ತದೆ. ಹಂಡೆಗೆ ಬೆಂಕಿ ಹಾಕುವ ಮೊದಲು ಕೋಲಿನಿಂದ ಮೆಲ್ಲಗೆ ತಟ್ಟಿ ಎಬ್ಬಿಸಬೇಕು, ಇದು ನಮ್ಮ ಮನೆಯಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಪಾಠ. ಬೆಕ್ಕಿನ ಮೈ ಬಿಸಿಯೇ 38ರಿಂದ 39 ಡಿಗ್ರಿ. ನಮಗೆ ಸೆಕೆ ಅನಿಸುವ 30 ಡಿಗ್ರಿ ಮೇಲೆಯೇ ಅದಕ್ಕೆ ಹಿತ. ಅದಕ್ಕೇ ಟಿವಿ ಡಬ್ಬ, ಲ್ಯಾಪ್‌ಟಾಪ್, ಇಸ್ತ್ರಿ ಮಾಡಿಟ್ಟ ಬಟ್ಟೆ, ಎಲ್ಲಿ ಬಿಸಿಯೋ ಅಲ್ಲಿ ಬೆಕ್ಕು.

ನಿಮ್ಮ ಅಂಗಳದಲ್ಲಿ ಕುಪ್ಪಿ ಗಿಡ ಇದೆಯಾ ನೋಡಿ. ಸುಮ್ನೆ ಬೇಲಿ ಬದಿಯಲ್ಲಿ ಕಳೆ ಹಾಗೆ ಬೆಳೆಯುತ್ತದೆ. ಬೇರು ಸಮೇತ ಕಿತ್ತು ನೆಲದ ಮೇಲೆ ಇಡಿ. ಗುಂಡ ಬಂದು ಮೂಸಿ, ಕೆನ್ನೆ ಉಜ್ಜಿ, ಅದರ ಮೇಲೆ ಹೊರಳಾಡುತ್ತಾನೆ. ಪರದೇಶದವರು ಬೆಕ್ಕಿಗೆ ಅಂತ ಕ್ಯಾಟ್‌ನಿಪ್ ಸೊಪ್ಪು ಡಬ್ಬಿಯಲ್ಲಿ ಮಾರುತ್ತಾರಲ್ಲ, ಅದರ ಕೆಲಸವನ್ನೇ ನಮ್ಮ ಕುಪ್ಪಿ ಬೇರು ಮಾಡುತ್ತದೆ. ತಮಿಳರು ಈ ಗಿಡವನ್ನು ಪೂನೈವಣಂಗಿ ಅಂತಲೂ ಕರೆಯುತ್ತಾರೆ, ಬೆಕ್ಕು ಅಡ್ಡಬೀಳುವ ಗಿಡ ಅಂತ. ಹೆಸರಿಟ್ಟವರು ಎಷ್ಟು ಚೆನ್ನಾಗಿ ನೋಡಿದ್ದಾರೆ ಅಲ್ವಾ!

ಹೆಬ್ಬಾಳದಲ್ಲಿ_ಓದಿದವ
ಶನಿವಾರ, ರಾತ್ರಿ 8:02

ಮೇಡಂ, ಉಳಿದ ಪ್ರಶ್ನೆಗಳೆಲ್ಲ ಇರಲಿ. ನಿಮ್ಮ ಕೊನೆಯ ಪ್ಯಾರಾ ಓದಿ ಬರೆಯುತ್ತಿದ್ದೇನೆ. ನಾನು ಪಶುವೈದ್ಯ.

ನಿನ್ನೆಯಿಂದ ಗುಂಡ ಒಂದಕ್ಕೆ ಹೋಗಿದ್ದಾನಾ? ಟ್ರೇಯಲ್ಲಿ ಒದ್ದೆಯಾಗಿ ಉಂಡೆ ಕಟ್ಟಿದ ಮರಳು ಇದೆಯಾ? ಈಗಲೇ ಹೋಗಿ ನೋಡಿ.

ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ಕೂತು, ಮುಕ್ಕಿ, ಏನೂ ಬಾರದೆ ಎದ್ದು ಬಂದು ಕೂಗಿದರೆ ಮೂತ್ರ ಕಟ್ಟಿದೆ ಅಂತಲೇ ಮೊದಲು ಅನುಮಾನ ಪಡಬೇಕು. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಸಣ್ಣದು. ಹರಳಿನ ಪುಡಿ, ಲೋಳೆ ಸೇರಿ ಅದರಲ್ಲಿ ಬಿರಡೆ ಹಾಕಿದ ಹಾಗೆ ಕೂತುಬಿಡುತ್ತದೆ. ಪೂರ್ತಿ ಕಟ್ಟಿದರೆ ಹೊರಗೆ ಹೋಗಬೇಕಾದ ವಿಷ ರಕ್ತದಲ್ಲೇ ಉಳಿಯುತ್ತದೆ, ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಒಂದೆರಡು ದಿನದಲ್ಲಿ ಜೀವ ಹೋಗಬಹುದು. ನೀವು ಆಗಲೇ ಒಂದು ದಿನ ಕಳೆದಿದ್ದೀರಿ.

ಬೆಳಿಗ್ಗೆವರೆಗೂ ಕಾಯಬೇಡಿ. ರಾತ್ರಿ ತೆರೆದಿರುವ ಪ್ರಾಣಿ ಆಸ್ಪತ್ರೆಗೆ ಫೋನ್ ಮಾಡಿ, ಗಂಡು ಬೆಕ್ಕು, ಮೂತ್ರ ಕಟ್ಟಿದೆ ಅಂತ ಅನುಮಾನ ಅಂತ ಹೇಳಿ ಹೊರಡಿ. ಹೊಟ್ಟೆ ಒತ್ತಿ ನೋಡಬೇಡಿ, ಮೂತ್ರಚೀಲ ಒಡೆಯಬಹುದು. ನೋವಿಗೆ ಅಂತ ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಡಲೇಬೇಡಿ. ಅದು ಬೆಕ್ಕಿಗೆ ವಿಷ, ಒಂದು ಮಾತ್ರೆ ಸಾಕು ಕೊಲ್ಲಲು.

ಗುಂಡನಮನೆ
ಶನಿವಾರ, ರಾತ್ರಿ 8:15

ಸಾರ್, ಟ್ರೇ ಪೂರ್ತಿ ಒಣಗಿದೆ. ನಿನ್ನೆ ಬೆಳಿಗ್ಗೆ ನಾನು ಕ್ಲೀನ್ ಮಾಡಿದ ಮೇಲೆ ಒಂದು ಉಂಡೆಯೂ ಇಲ್ಲ. ಇವತ್ತು ಮಧ್ಯಾಹ್ನ ಊಟ ಮೂಸಿ ಬಿಟ್ಟಿದ್ದ, ಈಗ ಸ್ವಲ್ಪ ಹೊತ್ತಿನ ಹಿಂದೆ ವಾಂತಿ ಮಾಡಿದ. ಕಾಲಿನ ಮಧ್ಯೆ ನೆಕ್ಕುತ್ತಲೇ ಇದ್ದಾನೆ. ಹೊರಡುತ್ತಿದ್ದೇವೆ. ಅತ್ತೆ ಬುಟ್ಟಿಗೆ ಅವರ ಸೀರೆ ಹಾಕಿ ಅವನನ್ನು ಮಲಗಿಸಿದ್ದಾರೆ.

ಮೂರು_ಬೆಕ್ಕಿನ_ಮನೆ
ಶನಿವಾರ, ರಾತ್ರಿ 8:40

ಗುಂಡ ಹುಷಾರಾಗಿ ಬರಲಿ. ಆರು ವರ್ಷದ ಹಿಂದೆ ನಮ್ಮ ಕರಿಯನಿಗೂ ಇದೇ ಆಗಿತ್ತು. ಮಲಬದ್ಧತೆ ಇರಬೇಕು ಅಂತ ನಾವು ಎರಡು ದಿನ ಎಣ್ಣೆ ಕುಡಿಸಿದೆವು. ಯಾರೂ ಹೇಳಿರಲಿಲ್ಲ. ಮೂರನೇ ದಿನ ಬೆಳಿಗ್ಗೆ ಕರಿಯ ಇರಲಿಲ್ಲ. ಅವನ ಹೆಸರು ಬರೆಯುವಾಗ ಈಗಲೂ ಕಣ್ಣು ತುಂಬುತ್ತದೆ. ಇದನ್ನು ಓದುವ ಗಂಡು ಬೆಕ್ಕಿನ ಮನೆಯವರೆಲ್ಲ ಡಾಕ್ಟರ್ ಬರೆದದ್ದನ್ನು ಎರಡು ಸಲ ಓದಿ.

ಅಕ್ಕ ಆಸ್ಪತ್ರೆಯಲ್ಲಿ ಕಾಯುತ್ತಿರುತ್ತಾರೆ, ಓದಲು ಏನಾದರೂ ಇರಲಿ ಅಂತ ಉಳಿದ ಪ್ರಶ್ನೆಗಳಿಗೆ ನನಗೆ ಗೊತ್ತಿರುವುದನ್ನು ಬರೆಯುತ್ತೇನೆ.

ನಾಲ್ಕೂವರೆ ಗಂಟೆ. ಬೆಕ್ಕು ಹಗಲಿನ ಪ್ರಾಣಿಯೂ ಅಲ್ಲ, ಪೂರ್ತಿ ರಾತ್ರಿಯದೂ ಅಲ್ಲ. ಮುಂಜಾವು ಮತ್ತು ಮುಸ್ಸಂಜೆ ಅದರ ಬೇಟೆಯ ಹೊತ್ತು. ಇಲಿ, ಹಕ್ಕಿ ಓಡಾಡುವ ಹೊತ್ತೂ ಅದೇ. ಹಾಗಾಗಿ ಅವನಿಗೆ ಆಗ ಎಚ್ಚರ ಆಗುವುದು ಸಹಜ. ಆದರೆ ನೀವು ಎದ್ದ ತಕ್ಷಣ ತಟ್ಟೆಗೆ ಊಟ ಹಾಕುತ್ತೀರಿ ತಾನೇ? ಅಲ್ಲಿಗೆ ಕಣ್ಣುರೆಪ್ಪೆ ಮುಟ್ಟಿದರೆ ಊಟ ಬರುತ್ತದೆ ಅಂತ ಅವನು ಕಲಿತ. ಕನ್ನಡಕದ ಡಬ್ಬಿಯೂ ಅಷ್ಟೇ. ಬೀಳಿಸುವ ಮುಂಚೆ ನಿಮ್ಮ ಮುಖ ನೋಡುತ್ತಾನೆ ಅಂದಿರಲ್ಲ, ನೀವು ಏಳುತ್ತೀರಾ ಅಂತ ಅವನು ನೋಡುವುದು. ನಮ್ಮ ಮನೆಯಲ್ಲಿ ರಾತ್ರಿ ಹತ್ತು ಗಂಟೆಗೆ ದಾರಕ್ಕೆ ಗರಿ ಕಟ್ಟಿ ಕಾಲು ಗಂಟೆ ಚೆನ್ನಾಗಿ ಓಡಾಡಿಸುತ್ತೇವೆ, ಆಮೇಲೆ ಹೊಟ್ಟೆ ತುಂಬಾ ಊಟ, ದಾರ ಬೀರುವಿನ ಒಳಗೆ. ಬೆಳಿಗ್ಗೆ ಎದ್ದ ಮೇಲೆ ಹಲ್ಲುಜ್ಜಿ, ಕಾಫಿ ಕುಡಿದು, ಆಮೇಲೆಯೇ ತಟ್ಟೆ ಹತ್ತಿರ ಹೋಗುತ್ತೇವೆ. ಒಂದು ತಿಂಗಳು ಹಿಡಿಯಿತು. ಈಗ ಆರು ಗಂಟೆವರೆಗೂ ಮೂವರೂ ಸುಮ್ಮನಿರುತ್ತಾರೆ.

ಗೋಡೆ ನೋಡುವುದು. ಅತ್ತೆಯವರಿಗೆ ಹೇಳಿ, ಹೆದರುವುದು ಬೇಡ. ನಮ್ಮ ಕಿವಿಗೆ ಹೆಚ್ಚೆಂದರೆ 20 ಸಾವಿರ ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ. ಬೆಕ್ಕಿಗೆ ಸುಮಾರು 64 ಸಾವಿರದವರೆಗೂ ಕೇಳುತ್ತದೆ. ಇಲಿಮರಿಗಳ ಸಣ್ಣ ಕೀಚಲು ಆ ಎತ್ತರದಲ್ಲೇ ಇರುವುದು. ಸ್ವಿಚ್ ಬೋರ್ಡಿನ ಹಿಂದೆ ಜಿರಳೆ ಹರಿದರೆ, ಕಿಟಕಿ ಚೌಕಟ್ಟಿನಲ್ಲಿ ಗೆದ್ದಲು ಇದ್ದರೆ, ಪೈಪಿನಲ್ಲಿ ಇಲಿ ಇದ್ದರೆ ಅವನಿಗೆ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ನಡುವಿನವಳು ಹದಿನೈದು ದಿನ ಒಂದೇ ಬಾಗಿಲ ಚೌಕಟ್ಟನ್ನು ನೋಡುತ್ತಾ ಕೂತಿದ್ದಳು. ಕೊನೆಗೆ ಬಡಗಿಯನ್ನು ಕರೆಸಿ ತೆಗೆಸಿದರೆ ಒಳಗೆ ಅಂಗೈಯಗಲ ಗೆದ್ದಲು.

ಕುಂಟೆಬಿಲ್ಲೆ ಚೌಕ ಓದಿ ನನಗೆ ತುಂಬಾ ಸಂತೋಷ ಆಯಿತು. 2021ರಲ್ಲಿ ಅಮೆರಿಕದ ಸಂಶೋಧಕರು ಬೆಕ್ಕು ಸಾಕಿದವರಿಂದಲೇ ಮನೆಯಲ್ಲಿ ಇದನ್ನು ಮಾಡಿಸಿ ನೋಡಿದ್ದಾರೆ. ನೆಲದ ಮೇಲೆ ಚೌಕ ಅಂಟಿಸಿದರೆ ಬೆಕ್ಕು ಹೋಗಿ ಅದರೊಳಗೆ ಕೂತಿತು. ಅಷ್ಟೇ ಅಲ್ಲ, ಗೆರೆಯೇ ಇಲ್ಲದೆ ನಾಲ್ಕು ಮೂಲೆಗೆ ಕತ್ತರಿಸಿದ ಬಿಲ್ಲೆಗಳನ್ನಿಟ್ಟು, ಚೌಕ ಇದೆ ಅಂತ ಕಣ್ಣಿಗೆ ಭ್ರಮೆ ಬರುವ ಹಾಗೆ ಮಾಡಿದರೆ ಅದರಲ್ಲೂ ಕೂತಿತು. ಅಂದರೆ ಇಲ್ಲದ ಗೆರೆ ನಮಗೆ ಕಾಣುವ ಹಾಗೆ ಅವಕ್ಕೂ ಕಾಣುತ್ತದೆ! ರಟ್ಟಿನ ಡಬ್ಬ, ಮೊರ, ತೆರೆದಿಟ್ಟ ಸೂಟ್‌ಕೇಸ್, ಎಲ್ಲದರಲ್ಲೂ ಬೆಕ್ಕು ಕೂರುತ್ತದಲ್ಲ, ಸುತ್ತ ಅಂಚಿದ್ದರೆ ಹಿಂದಿನಿಂದ ಯಾರೂ ಬರಲಾರರು ಅನ್ನುವ ಧೈರ್ಯ ಅದಕ್ಕೆ. ಹೊಸದಾಗಿ ಬೆಕ್ಕು ತಂದವರು ಮೊದಲ ದಿನವೇ ಒಂದು ರಟ್ಟಿನ ಡಬ್ಬ ಕೊಡಿ. ದುಬಾರಿ ಹಾಸಿಗೆಗಿಂತ ಅದು ಮೇಲು.

ಕಡಲಕರೆ
ಶನಿವಾರ, ರಾತ್ರಿ 9:25

ಕುಂದಾಪುರದಿಂದ ನಮಸ್ಕಾರ. ಗುಂಡನಿಗೆ ಏನೂ ಆಗದಿರಲಿ.

ಹಲ್ಲಿ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಮನೆಗೆ ದಿನಾ ಮೀನು ಬರುತ್ತದೆ, ಬೆಕ್ಕಿಗೆ ಬಂಗುಡೆ ತಲೆ ತಪ್ಪಿದ್ದಿಲ್ಲ. ಆದರೂ ಅದು ಬೇಟೆ ಬಿಡುವುದಿಲ್ಲ. ಹಸಿವೇ ಬೇರೆ, ಬೇಟೆಯ ಆಸೆಯೇ ಬೇರೆ. ಹಿಡಿದದ್ದನ್ನು ಬೆಕ್ಕು ತನಗೆ ಭದ್ರ ಅನಿಸುವ ಜಾಗಕ್ಕೆ ತರುತ್ತದೆ. ಯಜಮಾನರ ದಿಂಬು ಅವನಿಗೆ ಮನೆಯಲ್ಲೇ ಅತ್ಯಂತ ಭದ್ರ ಜಾಗ ಅಂದುಕೊಳ್ಳಿ. ಮರಿ ಹಾಕಿದ ಹೆಣ್ಣು ಬೆಕ್ಕನ್ನು ನೋಡಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಮೊದಲು ಸತ್ತ ಇಲಿ ತರುತ್ತದೆ, ಮರಿಗಳು ಬಲಿತ ಮೇಲೆ ಅರೆಜೀವದ್ದು ತಂದು ಬಿಡುತ್ತದೆ, ಅವು ಹಿಡಿಯುವುದನ್ನು ಕಲಿಯಲಿ ಅಂತ. ತಂದಾಗ ಬೈಯಬೇಡಿ, ಯಾಕೆ ಬೈದರು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಸುಮ್ಮನೆ ಎತ್ತಿ ಆಚೆ ಬಿಡಿ.

ಮರಿ ವಿಷಯ ಬಂತು. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಅನ್ನುತ್ತಾರಲ್ಲ, ನಾನು ಎಣಿಸಿದ್ದೇನೆ. ಹೋದ ವರ್ಷ ನಮ್ಮದು ಅಟ್ಟದಿಂದ ಸೌದೆ ಕೊಟ್ಟಿಗೆಗೆ, ಅಲ್ಲಿಂದ ಪಕ್ಕದ ಮನೆ ಮಾಡಿಗೆ, ಅಲ್ಲಿಂದ ನಮ್ಮ ಭತ್ತದ ಪತ್ತಾಯದ ಹಿಂದಕ್ಕೆ, ಹೀಗೆ ಐದು ಕಡೆ ಸಾಗಿಸಿತು. ವಾಸನೆ ಹಿಡಿದು ಗಡವ ಬೆಕ್ಕೋ ನಾಯಿಯೋ ಬರುತ್ತದೆ ಅನ್ನುವ ಭಯ ಅದಕ್ಕೆ. ಕತ್ತಿನ ಚರ್ಮ ಕಚ್ಚಿ ಎತ್ತಿದ ತಕ್ಷಣ ಮರಿ ಕೈಕಾಲು ಮಡಚಿ ಸುಮ್ಮನಾಗುತ್ತದೆ. ದೇವರನ್ನು ಪೂರ್ತಿ ನಂಬಿ ಬಿಡುವುದಕ್ಕೆ ಮಾರ್ಜಾಲ ನ್ಯಾಯ ಅಂತ ಹಿರಿಯರು ಹೇಳುವುದು ಇದನ್ನು ನೋಡಿಯೇ. ಆದರೆ ದೊಡ್ಡ ಬೆಕ್ಕನ್ನು ಹಾಗೆ ಕತ್ತು ಹಿಡಿದು ಎತ್ತಬಾರದು. ಐದು ಕಿಲೋ ಭಾರ ಆ ಚರ್ಮದ ಮೇಲೆ ಬಿದ್ದರೆ ನೋವು.

ಇನ್ನೊಂದು ಹೇಳಲೇಬೇಕು. ನಿಮ್ಮ ಗುಂಡ ದೂರದಲ್ಲಿ ಕೂತು ನಿಮ್ಮನ್ನೇ ನೋಡಿ ನಿಧಾನಕ್ಕೆ ಕಣ್ಣು ಮುಚ್ಚಿ ತೆರೆಯುತ್ತಾನಾ? ನೀವೂ ಹಾಗೇ ಮಾಡಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷಿಸಿದರು. ಹೀಗೆ ನಿಧಾನವಾಗಿ ಕಣ್ಣು ಮಿಟುಕಿಸಿದವರಿಗೆ ಬೆಕ್ಕುಗಳೂ ಮಿಟುಕಿಸಿದವು. ಗುರುತಿಲ್ಲದವರು ಮಾಡಿದರೂ ಅವರ ಕೈ ಹತ್ತಿರ ಬಂದವು. ನಮ್ಮ ಅಮ್ಮ ಇದನ್ನು ಯಾವತ್ತಿನಿಂದಲೋ ಮಾಡುತ್ತಿದ್ದರು, ಬೆಕ್ಕಿನ ಹತ್ತಿರ ಕಣ್ಣಲ್ಲೇ ಮಾತಾಡಬೇಕು ಅನ್ನುತ್ತಿದ್ದರು.

ಗುಂಡನಮನೆ
ಭಾನುವಾರ, ಬೆಳಿಗ್ಗೆ 6:50

ಎಲ್ಲರಿಗೂ ಹೇಗೆ ಧನ್ಯವಾದ ಹೇಳುವುದೋ ಗೊತ್ತಾಗುತ್ತಿಲ್ಲ.

ನಿನ್ನೆ ರಾತ್ರಿ ಮೊದಲು ಹೋದ ಕಡೆ ಬಾಗಿಲು ಹಾಕಿತ್ತು, ಫೋನ್ ಎತ್ತಲಿಲ್ಲ. ಎರಡನೇ ಕಡೆ ಒಬ್ಬರು ಡಾಕ್ಟರ್ ಇದ್ದರು. ಕೈಯಿಟ್ಟು ನೋಡಿದ ತಕ್ಷಣ ಮೂತ್ರಚೀಲ ಕಲ್ಲಿನ ಹಾಗೆ ಗಟ್ಟಿಯಾಗಿದೆ ಅಂದರು. ರಕ್ತ ಪರೀಕ್ಷೆ ಮಾಡಿ, ಡ್ರಿಪ್ ಹಾಕಿ, ಅರಿವಳಿಕೆ ಕೊಟ್ಟು ಕ್ಯಾಥೆಟರ್ ಹಾಕಿದರು. ಮೊದಲು ಬಂದದ್ದು ಬರೀ ರಕ್ತದ ಬಣ್ಣ, ಜೊತೆಗೆ ಸಣ್ಣ ಮರಳಿನಂಥ ಹರಳು. ಇನ್ನೊಂದು ರಾತ್ರಿ ಕಳೆದಿದ್ದರೆ ಕಷ್ಟವಿತ್ತು ಅಂದರು. ಮೂರು ದಿನ ಅಲ್ಲೇ ಇರಬೇಕಂತೆ.

ನಾನು ಅದನ್ನು ಆಟ ಅಂದುಕೊಂಡಿದ್ದೆ. ನೀವು ಹೇಳದಿದ್ದರೆ ಮರಳು ಬದಲಾಯಿಸಿ ಮಲಗಿರುತ್ತಿದ್ದೆವು. ಸಾರ್, ನಿಮ್ಮ ಋಣ ದೊಡ್ಡದು. ಇದು ಮತ್ತೆ ಬಾರದ ಹಾಗೆ ಏನು ಮಾಡಬೇಕು?

ಹೆಬ್ಬಾಳದಲ್ಲಿ_ಓದಿದವ
ಭಾನುವಾರ, ಬೆಳಿಗ್ಗೆ 9:10

ಬೆಳಿಗ್ಗೆ ಎದ್ದು ಮೊದಲು ನೋಡಿದ್ದೇ ಇದನ್ನು. ಮನಸ್ಸು ಹಗುರ ಆಯಿತು ಮೇಡಂ. ಅಲ್ಲಿನ ಡಾಕ್ಟರ್ ಹೇಳಿದ್ದನ್ನು ಬಿಡದೆ ಮಾಡಿ. ಇದು ಒಮ್ಮೆ ಬಂದರೆ ಮತ್ತೆ ಬರುವ ಸಂಭವ ಇರುತ್ತದೆ, ಅದರಲ್ಲೂ ಮೊದಲ ಕೆಲವು ವಾರ ಕಣ್ಣಿಟ್ಟಿರಬೇಕು.

ನಿಮ್ಮ ಬಕೆಟ್ ನೀರಿನ ಪ್ರಶ್ನೆಗೆ ಈಗ ಬರುತ್ತೇನೆ, ಎರಡಕ್ಕೂ ಸಂಬಂಧ ಇದೆ. ನಮ್ಮ ಮನೆ ಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾದ ಒಣ ನೆಲದ ಕಾಡುಬೆಕ್ಕಿನ ವಂಶ, 2007ರಲ್ಲಿ ಜೀನ್ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಅವು ಮನುಷ್ಯರ ಜೊತೆ ಸೇರಿ ತುಂಬಾ ಕಾಲವಾಯಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂತದ್ದು ಸಿಕ್ಕಿದೆ. ಆದರೆ ದೇಹ ಇನ್ನೂ ಆ ಒಣ ನೆಲದ್ದೇ. ನೀರು ಕಡಿಮೆ ಇದ್ದರೂ ಮೂತ್ರವನ್ನು ತುಂಬಾ ಗಟ್ಟಿ ಮಾಡಿ ಬದುಕುತ್ತದೆ, ಬಾಯಾರಿಕೆ ಅದಕ್ಕೆ ಜಾಸ್ತಿ ತಿಳಿಯುವುದಿಲ್ಲ. ಕಾಡಿನಲ್ಲಿ ಅದಕ್ಕೆ ನೀರು ಸಿಗುವುದೇ ಬೇಟೆಯಿಂದ. ಇಲಿಯ ಮೈಯಲ್ಲಿ ನೂರಕ್ಕೆ 70 ಪಾಲು ನೀರು. ನಾವು ಅಂಗಡಿಯಿಂದ ತರುವ ಒಣ ಕಾಳಿನಂಥ ಆಹಾರದಲ್ಲಿ ನೂರಕ್ಕೆ 10 ಪಾಲೂ ಇರುವುದಿಲ್ಲ. ಅದನ್ನೇ ದಿನಾ ಹಾಕಿ, ಪಕ್ಕದಲ್ಲಿ ಒಂದೇ ಬಟ್ಟಲು ನೀರಿಟ್ಟರೆ ಸಾಲುವುದಿಲ್ಲ.

ಊಟದ ಪಕ್ಕದ ನೀರನ್ನು ಬಹಳ ಬೆಕ್ಕುಗಳು ಮುಟ್ಟುವುದಿಲ್ಲ. ಬೇರೆ ಬೇರೆ ಕೋಣೆಯಲ್ಲಿ ಮೂರು ನಾಲ್ಕು ಕಡೆ ಇಡಿ. ಬಾಯಿ ಅಗಲ ಇರುವ ಮಣ್ಣಿನ ಪಾತ್ರೆಯೋ ಪಿಂಗಾಣಿಯದೋ ಇರಲಿ, ಮೀಸೆ ಅಂಚಿಗೆ ತಾಗಬಾರದು. ದಿನಾ ನೀರು ಬದಲಾಯಿಸಿ. ನಲ್ಲಿ ನೀರು ಇಷ್ಟ ಅಂದಿರಲ್ಲ, ಬೆಳಿಗ್ಗೆ ಸಂಜೆ ಐದು ನಿಮಿಷ ಸಣ್ಣಗೆ ಬಿಡಿ. ಹರಿಯುವ ನೀರಿನ ಸದ್ದು, ಮಿನುಗು ಬೆಕ್ಕನ್ನು ಕರೆಯುತ್ತದೆ. ಒಣ ಆಹಾರ ಕಡಿಮೆ ಮಾಡಿ, ಒದ್ದೆ ಆಹಾರ ಜಾಸ್ತಿ ಮಾಡಿ. ಬೇಯಿಸಿದ ಕೋಳಿಯ ಉಪ್ಪಿಲ್ಲದ, ಈರುಳ್ಳಿ ಬೆಳ್ಳುಳ್ಳಿ ಹಾಕದ ನೀರನ್ನು ಊಟಕ್ಕೆ ಬೆರೆಸಬಹುದು. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತಕ್ಕೆ ಕೆಟ್ಟದ್ದು. ಹೆದರಿಕೆ, ಗಲಾಟೆ, ಮನೆ ಬದಲಾವಣೆ ಇವೂ ಮೂತ್ರಚೀಲದ ತೊಂದರೆ ಹೆಚ್ಚಿಸುತ್ತವೆ. ಆ ಹಳೇ ಮರಳೇ ಅವನಿಗೆ ಇಷ್ಟವಿದ್ದರೆ ಅದನ್ನೇ ತನ್ನಿ.

ದಿನಾ ಟ್ರೇಯ ಉಂಡೆ ಎಣಿಸಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಮನೆಯಲ್ಲಿ ಬೇರೆ ಇಲ್ಲ.

ಮೊಸರನ್ನದ_ಮನೆ
ಭಾನುವಾರ, ಬೆಳಿಗ್ಗೆ 11:30

ಡಾಕ್ಟ್ರೇ, ಇದೇ ಜಾಗದಲ್ಲಿ ನನ್ನದೂ ಒಂದು ಪ್ರಶ್ನೆ. ನಮ್ಮದು ಸಸ್ಯಾಹಾರಿ ಮನೆ. ನಮ್ಮ ಚಿನ್ನಿ ಒಂದು ವರ್ಷದವಳು, ಮೊಸರನ್ನ ಚೆನ್ನಾಗಿ ತಿನ್ನುತ್ತಾಳೆ, ತುಪ್ಪ ಹಚ್ಚಿದ ಚಪಾತಿಯೂ ಆಗುತ್ತದೆ. ಆದರೆ ಹಬ್ಬದ ದಿನ ಹೋಳಿಗೆ ಇಟ್ಟರೆ ತುಪ್ಪ ಮಾತ್ರ ನೆಕ್ಕಿ ಬಿಡುತ್ತಾಳೆ. ಬರೀ ಮೊಸರನ್ನ ಸಾಕಾಗುತ್ತದಾ?

ಹೆಬ್ಬಾಳದಲ್ಲಿ_ಓದಿದವ
ಭಾನುವಾರ, ಮಧ್ಯಾಹ್ನ 12:05

ಸಾಕಾಗುವುದಿಲ್ಲ. ನಾಯಿ ಅನ್ನದಲ್ಲಿ ಹೇಗೋ ಹೊಂದಿಕೊಳ್ಳುತ್ತದೆ, ಬೆಕ್ಕಿನ ದೇಹ ಮಾಂಸಕ್ಕೇ ಆಗಿರುವುದು. ಟಾರಿನ್ ಅನ್ನುವ ಒಂದು ಅಂಶ ಬೆಕ್ಕಿಗೆ ಊಟದಿಂದಲೇ ಬರಬೇಕು, ಅದು ಇರುವುದು ಮಾಂಸ ಮೀನಿನಲ್ಲಿ. ಕಡಿಮೆಯಾದರೆ ಕಣ್ಣಿನ ಪರದೆ ಹಾಳಾಗುತ್ತದೆ, ಹೃದಯದ ಸ್ನಾಯು ಸೋಲುತ್ತದೆ. ಹೃದಯಕ್ಕೂ ಟಾರಿನ್‌ಗೂ ಇರುವ ಈ ಸಂಬಂಧ 1987ರಲ್ಲಿ ಗೊತ್ತಾದ ಮೇಲೆ ಕಂಪನಿಯವರು ಬೆಕ್ಕಿನ ಆಹಾರದಲ್ಲಿ ಟಾರಿನ್ ಹೆಚ್ಚು ಮಾಡಿದರು. ಊರ ಕಡೆ ಮೊಸರನ್ನ ತಿಂದೇ ಬದುಕುವ ಬೆಕ್ಕುಗಳು ಇಲಿ, ಹಲ್ಲಿ, ಮಿಡತೆ ಹಿಡಿದು ಸರಿ ಮಾಡಿಕೊಳ್ಳುತ್ತವೆ. ನಿಮ್ಮ ಚಿನ್ನಿ ಫ್ಲಾಟಿನ ಒಳಗೇ ಇರುವವಳಾದರೆ ದಾರಿಯಿಲ್ಲ. ಅಡುಗೆ ಮನೆಗೆ ಮಾಂಸ ತರಲು ಆಗದಿದ್ದರೆ ಪ್ಯಾಕೆಟ್‌ನಲ್ಲಿ ಬರುವ ಬೆಕ್ಕಿನ ಆಹಾರ ಬಾಲ್ಕನಿಯಲ್ಲಿ ಬೇರೆ ತಟ್ಟೆಯಲ್ಲಿ ಹಾಕಿ. ಬಹಳ ಸಸ್ಯಾಹಾರಿ ಮನೆಗಳಲ್ಲಿ ಹೀಗೇ ಮಾಡುತ್ತಾರೆ, ಹಿರಿಯರೂ ಒಪ್ಪುತ್ತಾರೆ. ಮೊಸರು ಸ್ವಲ್ಪ ಕೊಡಬಹುದು. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣ ಆಗುವುದಿಲ್ಲ, ಭೇದಿ ಆಗುತ್ತದೆ.

ಹೋಳಿಗೆ ಬಿಡುವುದಕ್ಕೂ ಕಾರಣ ಇದೆ. ಸಿಹಿ ಗುರುತಿಸುವ ಜೀನ್ ಬೆಕ್ಕಿನಲ್ಲಿ ಕೆಟ್ಟುಹೋಗಿದೆ, 2005ರಲ್ಲಿ ಕಂಡುಹಿಡಿದರು. ಹುಲಿ, ಚೀತಾದಲ್ಲೂ ಅದೇ ಕಥೆ. ಅವಳಿಗೆ ಬೆಲ್ಲದ ರುಚಿಯೇ ಇಲ್ಲ, ತುಪ್ಪದ ರುಚಿ ಇದೆ.

ಗುಂಡನಮನೆ
ಗುರುವಾರ, ರಾತ್ರಿ 8:30

ಗುಂಡ ಬುಧವಾರ ಸಂಜೆ ಮನೆಗೆ ಬಂದ. ಮುಂಗಾಲಿನ ಒಂದು ಕಡೆ ಕೂದಲು ಬೋಳಿಸಿದ್ದಾರೆ, ಸ್ವಲ್ಪ ಇಳಿದಿದ್ದಾನೆ. ಬಾಗಿಲು ದಾಟಿದವನೇ ಮನೆಯ ಒಂದೊಂದು ಮೂಲೆಗೂ ಹೋಗಿ ಕೆನ್ನೆ ಉಜ್ಜಿ ಬಂದ. ಮೇಜಿನ ಕಾಲು, ಫ್ರಿಜ್, ಮಗಳ ಶಾಲೆ ಬ್ಯಾಗು, ಒಂದನ್ನೂ ಬಿಡಲಿಲ್ಲ.

ಮನೆಯಲ್ಲಿ ಈಗ ಐದು ಕಡೆ ನೀರಿದೆ. ಅತ್ತೆ ಸಂತೆಯಿಂದ ಮಣ್ಣಿನ ಅಗಲ ಪಾತ್ರೆ ತರಿಸಿದರು. ಅವನು ಮೊದಲು ಕುಡಿದದ್ದು ದೇವರ ಮನೆ ಬಾಗಿಲಲ್ಲಿ ಇಟ್ಟಿದ್ದರಿಂದ. ಇವತ್ತು ಬೆಳಿಗ್ಗೆ ಟ್ರೇಯಲ್ಲಿ ಮೂರು ದೊಡ್ಡ ಉಂಡೆ ಇತ್ತು. ಮಗಳು ಎಣಿಸಿ ಕ್ಯಾಲೆಂಡರಿನಲ್ಲಿ ಬರೆದಿದ್ದಾಳೆ, ನಾವೆಲ್ಲ ಹೋಗಿ ನೋಡಿ ಬಂದೆವು.

ಕಡಲಕರೆ ಅವರು ಹೇಳಿದ ಹಾಗೆ ಕಣ್ಣು ಮಿಟುಕಿಸಿದೆ. ಎರಡು ಸಲ ಸುಮ್ಮನೆ ನೋಡಿದ, ಮೂರನೇ ಸಲಕ್ಕೆ ಅವನೂ ಮಿಟುಕಿಸಿದ.

ಒಂದೇ ಬೇಜಾರು. ಆ ಬುಟ್ಟಿ ಕಂಡರೆ ಸಾಕು ಮಂಚದ ಕೆಳಗೆ ಓಡುತ್ತಾನೆ. ಶನಿವಾರ ಮತ್ತೆ ತೋರಿಸಲು ಹೋಗಬೇಕು.

ಮೂರು_ಬೆಕ್ಕಿನ_ಮನೆ
ಗುರುವಾರ, ರಾತ್ರಿ 9:00

ತೆನಾಲಿ ರಾಮನ ಬೆಕ್ಕಿನ ಕಥೆ ಗೊತ್ತಲ್ಲ ಅಕ್ಕ, ಒಂದು ಸಲ ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡದ್ದು ಆಮೇಲೆ ಹಾಲು ಕಂಡರೆ ಓಡುತ್ತಿತ್ತು. ಬೆಕ್ಕಿಗೆ ಒಂದು ಸಲದ ನೋವು ಸಾಕು ನೆನಪಿಟ್ಟುಕೊಳ್ಳಲು. ಬುಟ್ಟಿಯನ್ನು ಆಸ್ಪತ್ರೆಗೆ ಹೋಗುವ ದಿನ ಮಾತ್ರ ಅಟ್ಟದಿಂದ ಇಳಿಸಿದರೆ ಅವನಿಗೆ ಬುಟ್ಟಿ ಅಂದರೆ ಸೂಜಿ ಅಂತಲೇ ಆಗುತ್ತದೆ. ಅದರ ಬಾಗಿಲು ತೆಗೆದು ನಡುಮನೆಯ ಮೂಲೆಯಲ್ಲಿ ಯಾವಾಗಲೂ ಇಡಿ. ಒಳಗೆ ಅತ್ತೆಯವರ ಆ ಸೀರೆ ಹಾಕಿ. ಊಟದ ಒಂದು ತುಂಡು ಒಳಗೆ ಇಟ್ಟು ಸುಮ್ಮನೆ ಆಚೆ ಹೋಗಿ. ನೀವು ತಳ್ಳಬೇಡಿ, ಅವನೇ ಹೋಗಬೇಕು.

ಗುಂಡನಮನೆ
ಶುಕ್ರವಾರ, ಸಂಜೆ 6:15

ನಿನ್ನೆ ರಾತ್ರಿಯೇ ಇಟ್ಟೆವು. ಬೆಳಿಗ್ಗೆ ಮೂರು ಸಲ ಬಂದು ದೂರದಿಂದ ಮೂಸಿ ಹೋದ. ಮಧ್ಯಾಹ್ನ ತಲೆ ಮಾತ್ರ ಒಳಗೆ ಹಾಕಿದ್ದ. ಈಗ ಅತ್ತೆ ಅಡುಗೆ ಮನೆಯಿಂದ ಪಿಸುದನಿಯಲ್ಲಿ ಕರೆದರು. ಹೋಗಿ ನೋಡಿದರೆ ಬುಟ್ಟಿಯೊಳಗೆ ಕೂತು ಸೀರೆ ನಾದುತ್ತಿದ್ದಾನೆ.